ಕವಡೆಗೆ ನೆನಪಿಲ್ಲ

ಕರೆಂಟು ಹೋದರೆ ಸಂತೋಷಪಡುವವರು ಈ ಕಾಲದಲ್ಲಿ ಯಾರಾದರೂ ಇದ್ದಾರೆಯೇ? ಅಜ್ಜಂಪುರದ ಒಂದು ಹಳೆಯ ಹೆಂಚಿನ ಮನೆಯಲ್ಲಿ ಒಬ್ಬರಿದ್ದಾರೆ. ಎಂಬತ್ತರ ಹೊಸ್ತಿಲಲ್ಲಿರುವ ಅಜ್ಜಿ. 2025ರ ದೀಪಾವಳಿ, ಬಲಿಪಾಡ್ಯಮಿಯ ಸಂಜೆ. ನಾಲ್ಕು ಹನಿ ಮಳೆ ಬಿದ್ದದ್ದೇ ನೆಪವಾಗಿ ಕರೆಂಟು ಹೋಯಿತು. ಟೀವಿ ಕಣ್ಣು ಮುಚ್ಚಿತು. ಮೊಬೈಲುಗಳ ಚಾರ್ಜು ಒಂದೊಂದಾಗಿ ಇಳಿಯತೊಡಗಿತು. ಎಲ್ಲರೂ ಗೊಣಗುತ್ತಿರುವಾಗ ಅಜ್ಜಿ ಮಾತ್ರ ಲಾಟೀನು ಹಚ್ಚಿ ನಡುಮನೆಯ ಮೊಳೆಗೆ ತೂಗುಹಾಕಿದರು. ಮರದ ಪೆಟ್ಟಿಗೆಯಿಂದ ಒಂದು ಪುಟ್ಟ ಬಟ್ಟೆಯ ಚೀಲ ತೆಗೆದರು. ಚೀಲ ಅಲುಗಿದರೆ ಒಳಗೆ ಕಟಕಟ ಸದ್ದು.

"ಬನ್ರೋ, ಚೌಕಾಬಾರ ಆಡೋಣ" ಎಂದರು.

ಆ ಮನೆಯ ಸಂಸಾರ ಮೂರು ಊರುಗಳಲ್ಲಿ ಹಂಚಿಹೋಗಿದೆ. ಅಜ್ಜಿ ಅಜ್ಜಂಪುರದಲ್ಲಿ. ದೊಡ್ಡ ಮಗ ಕಡೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಮಗಳನ್ನು ಕೊಟ್ಟದ್ದು ತರೀಕೆರೆಗೆ. ಊರುಗಳು ದೂರವಲ್ಲ, ಆದರೆ ಸೇರುವುದು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ. ಆ ಸಲದ ದೀಪಾವಳಿಗೆ ಎಲ್ಲರೂ ಬಂದಿದ್ದರು. ಕಜ್ಜಾಯದ ವಾಸನೆಯೂ ಇತ್ತು, ಪಟಾಕಿಯ ಸದ್ದೂ ಇತ್ತು. ಇಲ್ಲದಿದ್ದದ್ದು ಒಂದೇ. ತಂದೆ ಮಗ ಮಾತಾಡುತ್ತಿರಲಿಲ್ಲ.

ಮಾತು ನಿಂತ ಮನೆ

ಮಾತಾಡದಿರಲು ಕಾರಣವಿತ್ತು. ಕಡೂರಿನ ವ್ಯಾಪಾರಿಯ ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಬುದ್ಧಿವಂತ, ದುಶ್ಚಟವಿಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಹುಡುಗ. ರಾತ್ರಿ ರೂಮಿನಲ್ಲಿ ಹೊತ್ತು ಹೋಗಲೆಂದು ಮೊಬೈಲಿನಲ್ಲಿ ರಮ್ಮಿ ಆಡಲು ಶುರುಮಾಡಿದ. ಮೊದಲ ವಾರ ಇನ್ನೂರು ರೂಪಾಯಿ ಬಂತು. ಆ ಇನ್ನೂರು ರೂಪಾಯಿಯೇ ಅವನ ದುರದೃಷ್ಟ. ಆಮೇಲೆ ಸಂಬಳ ಹೋಯಿತು, ಗೆಳೆಯರಿಂದ ಕೈಗಡ, ಮೊಬೈಲಿನಲ್ಲೇ ಸಾಲ ಕೊಡುವವರಿಂದ ಸಾಲ. ಒಂದು ದಿನ ಸಾಲ ಕೊಟ್ಟವರು ನೇರವಾಗಿ ಕಡೂರಿನ ಅಂಗಡಿಗೇ ಫೋನು ಮಾಡಿದರು. ತಂದೆ ಬ್ಯಾಂಕಿನ ಠೇವಣಿ ಮುರಿದು 1 ಲಕ್ಷದ 80 ಸಾವಿರ ರೂಪಾಯಿ ಕಟ್ಟಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಹುಡುಗನಿಗೆ ಅನ್ನಿಸುತ್ತಿತ್ತು.

ಇಂಥ ಆಟಗಳ ಬಗ್ಗೆ ಸರ್ಕಾರಗಳು ಸುಮ್ಮನಿರಲಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಅನ್ವಯಿಸುವಂತೆ ನಿಷೇಧದ ಕಾಯ್ದೆ ಮಾಡಿತು. ಹುಡುಗನ ಮೊಬೈಲಿನಲ್ಲಿ ಆಟ ನಿಂತಿತು. ಆದರೆ ಸಾಲ ನಿಲ್ಲಲಿಲ್ಲ. ಕಾಯ್ದೆ ಬರುವ ಹೊತ್ತಿಗೆ ಕಳೆದುಕೊಂಡಾಗಿತ್ತು.

ಅಜ್ಜಿಯ ಚೀಲದ ಸದ್ದು ಕೇಳಿದ ಕೂಡಲೇ ಅಡುಗೆಮನೆಯಿಂದ ದೊಡ್ಡ ಸೊಸೆ ಹೊರಗೆ ಬಂದದ್ದು ಇದಕ್ಕೇ. ಅವರ ತವರಿನಲ್ಲಿ ಹಿಂದೆ ದೀಪಾವಳಿಯ ರಾತ್ರಿಗಳಲ್ಲಿ ಅಂದರ್ ಬಾಹರ್ ನಡೆಯುತ್ತಿತ್ತು. ಅವರ ತಂದೆ ಅರ್ಧ ಎಕರೆ ತೋಟ ಕಳೆದುಕೊಂಡದ್ದೂ ಅಂಥ ಒಂದು ರಾತ್ರಿಯಲ್ಲೇ.

"ಅತ್ತೆ, ಬೇಡ. ಇಸ್ಪೀಟು, ಕವಡೆ, ಯಾವುದೂ ಈ ಮನೇಲಿ ಬೇಡ. ಆಗಿರೋದು ಸಾಲ್ದೇ?" ಎಂದರು.

ಅಜ್ಜಿ ಚೀಲ ಬಿಚ್ಚುತ್ತಲೇ ಉತ್ತರ ಕೊಟ್ಟರು. "ಜೂಜು ಬೇರೆ, ಆಟ ಬೇರೆ ಕಣಮ್ಮ. ಕವಡೆ ನಾಲ್ಕಿದೆ, ಕಾಸು ಒಂದೂ ಇಲ್ಲ. ಮಕ್ಕಳು ನಮ್ಮೆದುರಿಗೆ ಆಡಿ ಸೋಲೋದು ಕಲೀಲಿ. ಹೊರಗೆ ಕಲಿತರೆ ದುಡ್ಡು ಕೊಟ್ಟು ಕಲೀಬೇಕಾಗುತ್ತೆ."

ಸೊಸೆ ಏನೂ ಹೇಳಲಿಲ್ಲ. ಒಳಗೂ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

ಲಗ್ನಪತ್ರಿಕೆಯ ಮಾಯಾ ಎಲೆಗಳು

ಚೌಕಾಬಾರ ಗೊತ್ತಿಲ್ಲದ ಮಕ್ಕಳಿಗಾಗಿ ಒಂದೆರಡು ಮಾತು ಹೇಳಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಸಾಲಿಗೆ ಐದರಂತೆ 25 ಮನೆಗಳು. ನಾಲ್ಕು ಬದಿಗಳ ನಡುವಿನ ಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೀಟು ಎಳೆದರೆ ಅವು ಕಟ್ಟೆಗಳು. ಕಟ್ಟೆಯಲ್ಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಹಾಕಿದಾಗ ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಹೆಜ್ಜೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು ಹೆಜ್ಜೆ. ನಾಲ್ಕೂ ಬೋರಲಾದರೆ ಬಾರ, ಎಂಟು ಹೆಜ್ಜೆ. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿದಿರಬೇಕು. ಹೊರಟ ಮನೆಯಿಂದ 24 ಹೆಜ್ಜೆ ನಡೆದು ಮಧ್ಯ ಸೇರಿದರೆ ಕಾಯಿ ಹಣ್ಣಾಯಿತು! ಕಾಯಿ ಹಣ್ಣಾಗುವುದು ಎಂಬ ಈ ಮಾತು ಕಟ್ಟಿದವರು ಯಾರೋ, ಅವರಿಗೆ ತೋಟದ ಅನುಭವವಿದ್ದಿರಬೇಕು.

ಅಂದು ಆಟಕ್ಕೆ ಒಂದು ಹೊಸ ಸಂಗತಿಯೂ ಸೇರಿತು. ತರೀಕೆರೆಯ ಮೊಮ್ಮಕ್ಕಳಿಬ್ಬರು, ಹತ್ತನೆಯ ತರಗತಿಯ ಹುಡುಗಿ ಮತ್ತು ಐದನೆಯ ತರಗತಿಯ ಅವಳ ತಮ್ಮ, ತಾವೇ ಮಾಡಿದ ಎಲೆಗಳನ್ನು ತಂದಿದ್ದರು. ಹಳೆಯ ಲಗ್ನಪತ್ರಿಕೆಗಳ ಮೇಲೆ ಲೋಟ ಕವುಚಿಟ್ಟು ಸುತ್ತ ಗೀಟೆಳೆದು ಕತ್ತರಿಸಿದ 24 ದುಂಡನೆಯ ಎಲೆಗಳು. ಒಂದು ಬದಿಯಲ್ಲಿ ವಧೂವರರ ಹೆಸರಿನ ಚೂರು, ಇನ್ನೊಂದು ಬದಿಯಲ್ಲಿ ಬಣ್ಣದ ಚಿತ್ರ. ಹುಡುಗಿ ಶಾಲೆಯ ಪ್ರವಾಸದಲ್ಲಿ ಮೈಸೂರಿಗೆ ಹೋದಾಗ ಗಂಜೀಫಾ ಎಲೆಗಳನ್ನು ನೋಡಿ ಬಂದಿದ್ದಳು. ಇಸ್ಪೀಟು ಎಲೆಗಳು ದುಂಡಗೂ ಇರಬಹುದು, ಅವುಗಳ ಮೇಲೆ ರಾಜ ರಾಣಿಯರ ಬದಲು ದಶಾವತಾರವೂ ಇರಬಹುದು ಎಂಬುದು ಅವಳಿಗೆ ದೊಡ್ಡ ಆಶ್ಚರ್ಯವಾಗಿತ್ತು.

ಅದು ಆಶ್ಚರ್ಯಪಡಬೇಕಾದ ವಿಷಯವೇ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳು. ಹಗಲು ಆಡುವುದಾದರೆ ರಾಮನ ಎಲೆ ಬಂದವರು ಆಟ ಶುರುಮಾಡಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಬಂದವರು. ಮೈಸೂರಿನಲ್ಲಿ ಈ ಆಟವನ್ನು ಬೆಳೆಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರು ಯೋಜಿಸಿದ ಗಂಜೀಫಾಗಳಲ್ಲಿ 36 ಎಲೆಗಳಿಂದ 360 ಎಲೆಗಳವರೆಗೆ ಬಗೆಬಗೆಯವು ಇದ್ದವು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಈ ಆಟಗಳ ವಿವರಗಳಿವೆ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕವನ್ನೂ ಅವರು ಬಿಡಿಸಿದ್ದರು.

ಇದಕ್ಕೂ ತರೀಕೆರೆಗೂ ಒಂದು ನಂಟಿದೆ. 1830–31ರಲ್ಲಿ ನಗರದ ರೈತರು ಕಂದಾಯದ ಕಾಟಕ್ಕೆ ರೋಸಿ ದಂಗೆ ಎದ್ದಾಗ ತರೀಕೆರೆಯ ಪಾಳೆಯಗಾರರೂ ಅವರೊಂದಿಗೆ ಸೇರಿದ್ದರು. ಆ ದಂಗೆಯನ್ನೇ ಮುಂದಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡರು. ರಾಜ್ಯದ ಆಟ ಕೈತಪ್ಪಿದ ಅರಸ ಮನೆಯೊಳಗಿನ ಆಟಗಳಿಗೆ ಕೈಹಾಕಿದರು. ಸೋತ ಮೇಲೆ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಇದೂ ಒಂದು ಉತ್ತರ.

ತರೀಕೆರೆಯ ಮಕ್ಕಳ ಎಲೆಗಳಲ್ಲಿ ಇದ್ದದ್ದು ಅವರಿಗೆ ಗೊತ್ತಿದ್ದ ಲೋಕ, ಜೊತೆಗೆ ಸ್ವಲ್ಪ ಮಾಯೆ. ಕಟ್ಟೆಗೆ ಬಂದು ನಿಂತವರು ಒಂದು ಎಲೆ ಎತ್ತಬೇಕು. 'ಅಮೃತಮಹಲ್ ಹೋರಿ' ಬಂದರೆ ಮುಂದಿನ ಸಲದ ಹೆಜ್ಜೆ ಎರಡರಷ್ಟು. ಅಜ್ಜಂಪುರದ ತಳಿ ಕೇಂದ್ರದಲ್ಲಿ ಕಂಡ ಹೋರಿಗೆ ತಮ್ಮ ಎರಡು ರೆಕ್ಕೆಗಳನ್ನೂ ಬರೆದಿದ್ದ. 'ತರೀಕೆರೆ ಟ್ರಾಂ' ಬಂದರೆ ನಾಲ್ಕು ಮನೆ ಮುಂದೆ. ಹಿಂದೊಮ್ಮೆ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಕಾಡಿನ ನಡುವೆ ಓಡುತ್ತಿದ್ದ ಆ ಪುಟ್ಟ ರೈಲು ಎಲೆಯ ಮೇಲೆ ಹೊಗೆಯ ಬದಲು ನಕ್ಷತ್ರಗಳನ್ನು ಉಗುಳುತ್ತಿತ್ತು. 'ಮದಗದ ಕೆರೆ ಕೋಡಿ' ಬಂದರೆ ಎಲ್ಲರೂ ಒಂದೊಂದು ಕಾಯಿಯನ್ನು ಮೂರು ಮನೆ ಹಿಂದಿಡಬೇಕು. 'ಮೂರು ತಲೆಯ ರಾಕ್ಷಸ' ದಾರಿಗೆ ಅಡ್ಡ ನಿಂತರೆ ಚೌಕ ಹಾಕಿಯೇ ಅವನನ್ನು ಕೊಲ್ಲಬೇಕು. 'ವಾಮನ' ಬಂದರೆ ಯಾವ ಕಾಯಿಯಾದರೂ ಸರಿ, ಮೂರೇ ಹೆಜ್ಜೆ. ಎಲ್ಲಕ್ಕಿಂತ ಜನಪ್ರಿಯವಾದದ್ದು 'ಬೀರೂರು ಜಂಕ್ಷನ್: ಒಂದು ಸರದಿ ಕಾಯಿರಿ' ಎಂಬ ಎಲೆ. ತರೀಕೆರೆಯಿಂದ ಅಜ್ಜಂಪುರಕ್ಕೆ ರೈಲಿನಲ್ಲಿ ಬರುವವರಿಗೆ ಅದರ ಅರ್ಥ ವಿವರಿಸಬೇಕಾಗಿಲ್ಲ.

ಅಜ್ಜಿಯ ಕಾಯಿಗಳು ಹುಣಸೆಬೀಜ. ಮಗಳದ್ದು ಬಳೆಚೂರು. ಬೆಂಗಳೂರಿನ ಹುಡುಗನಿಗೆ ಕಾಫಿಬೀಜ. ನಾಲ್ಕನೆಯವರು ಬೇಕಿತ್ತು. ಅಜ್ಜಿ ಜಗಲಿಯ ಕಡೆಗೆ ಕೂಗಿದರು. "ನೀನೂ ಬಾರೋ, ಒಬ್ಬನೇ ಕೂತು ಯಾವ ಕೊಬ್ಬರಿ ಒಣಗಿಸ್ತಿದೀಯ?"

ತಾಯಿಯ ಮಾತು ಮೀರಲಾಗದೆ ಕಡೂರಿನ ವ್ಯಾಪಾರಿ ಬಂದು ಕುಳಿತರು, ಮಗನ ಎದುರಿಗೇ. ಅವರ ಕಾಯಿಗಳಿಗೆ ಕೊಬ್ಬರಿ ಚೂರು ಇಟ್ಟರು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಮೊಮ್ಮಗ ಅದರಲ್ಲಿ ಎರಡನ್ನು ತಿಂದುಬಿಟ್ಟದ್ದರಿಂದ ಅಡಿಕೆ ಚೂರು ತರಬೇಕಾಯಿತು.

ಹದಿನಾರರಲ್ಲಿ ಒಂದು

ಆಟ ಅರ್ಧ ಗಂಟೆ ನಡೆಯಿತು. ತಂದೆ ಮಗನ ಕಡೆ ನೋಡದೆ ಕವಡೆ ಹಾಕುತ್ತಿದ್ದರು, ಮಗ ತಂದೆಯ ಕಡೆ ನೋಡದೆ ಕವಡೆ ಎತ್ತಿಕೊಳ್ಳುತ್ತಿದ್ದ. ಹುಡುಗನಿಗೆ ಬಾರ ಬೇಕಿತ್ತು. ಬೀಳುತ್ತಿರಲಿಲ್ಲ. ಒಂದು, ಎರಡು, ಮೂರು, ಮತ್ತೆ ಎರಡು. ಅವನ ಕೈ ಬಿಗಿಯಾಯಿತು, ಕಣ್ಣಿನಲ್ಲಿ ಏನೋ ಹತ್ತಿಕೊಂಡಂತಾಯಿತು. ಬಾಗಿಲಲ್ಲಿ ನಿಂತ ತಾಯಿ ಅದನ್ನು ಗಮನಿಸಿದರು.

"ಇಷ್ಟು ಹೊತ್ತಾದ್ರೂ ಬಿದ್ದಿಲ್ಲ. ಈ ಸಲ ಬಿದ್ದೇ ಬೀಳುತ್ತೆ" ಎಂದ ಅವನು, ತನಗೇ ಹೇಳಿಕೊಳ್ಳುವಂತೆ.

ಪಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಕುಳಿತಿದ್ದ ಹುಡುಗಿ ತಲೆಯೆತ್ತಿದಳು. "ಯಾಕೆ ಬೀಳಬೇಕು ಭಾವ? ಇಷ್ಟು ಹೊತ್ತು ಬಿದ್ದಿಲ್ಲ ಅಂತ ಕವಡೆಗೆ ಹೇಗೆ ಗೊತ್ತಾಗುತ್ತೆ? ಕವಡೆಗೆ ನೆನಪಿಲ್ಲ."

ಅವಳು ಶಾಲೆಯಲ್ಲಿ ಸಂಭವನೀಯತೆಯ ಪಾಠ ಓದುತ್ತಿದ್ದಳು. ಕವಡೆಗಳನ್ನು ಕೈಗೆ ತೆಗೆದುಕೊಂಡು ವಿವರಿಸಿದಳು. ಒಂದು ಕವಡೆ ಬೀಳುವುದು ಎರಡು ಬಗೆ, ಮೇಲು ಇಲ್ಲವೇ ಬೋರಲು. ನಾಲ್ಕು ಕವಡೆಗೆ ಎರಡನ್ನು ನಾಲ್ಕು ಸಲ ಗುಣಿಸಿದರೆ 16 ಬಗೆ. ಅವುಗಳಲ್ಲಿ ನಾಲ್ಕೂ ಬೋರಲಾಗುವುದು ಒಂದೇ ಬಗೆಯಲ್ಲಿ. ಒಂದು ಮೇಲಾಗುವುದು ನಾಲ್ಕು ಬಗೆ, ಎರಡು ಮೇಲಾಗುವುದು ಆರು ಬಗೆ, ಮೂರಕ್ಕೆ ನಾಲ್ಕು, ನಾಲ್ಕೂ ಮೇಲಾಗಲು ಮತ್ತೆ ಒಂದೇ. 1, 4, 6, 4, 1. ಕೂಡಿದರೆ 16. ಎರಡು ಬಗೆಯೂ ಸಮವೆಂದು ಇಟ್ಟುಕೊಂಡರೆ ಬಾರ ಬೀಳುವ ಸಂಭವ ಹದಿನಾರರಲ್ಲಿ ಒಂದು. ಹಿಂದೆ ಎಷ್ಟು ಸಲ ಬೀಳದಿದ್ದರೂ ಮುಂದಿನ ಸಲಕ್ಕೂ ಅಷ್ಟೇ. ಹದಿನಾರು ಸಲ ಹಾಕಿದರೆ ಒಂದು ಬಾರ ಖಂಡಿತ ಎಂದೂ ಅಲ್ಲ. ಲೆಕ್ಕ ಮಾಡಿ ನೋಡಿದರೆ, ಹದಿನಾರು ಸಲ ಹಾಕಿಯೂ ಒಂದೇ ಒಂದು ಬಾರ ಬೀಳದಿರುವ ಸಂಭವ ನೂರಕ್ಕೆ ಸುಮಾರು 36!

ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆ ಆರು ಎಂಬ ಈ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಷ್ಟರಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಯುರೋಪಿನಲ್ಲಿ ದಾಳದ ಲೆಕ್ಕ ವಿಜ್ಞಾನವಾಗಿ ಬೆಳೆದದ್ದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಿಂದ. ಅರ್ಧದಲ್ಲಿ ನಿಂತ ಜೂಜಿನ ಹಣವನ್ನು ಹೇಗೆ ಹಂಚಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ಇವತ್ತು ವಿಮೆಯ ಕಂತಿನಿಂದ ಹಿಡಿದು ಮಳೆಯ ಮುನ್ಸೂಚನೆಯವರೆಗೆ ಬಳಕೆಯಲ್ಲಿರುವ ಶಾಸ್ತ್ರದ ಬೇರು ಅಲ್ಲಿದೆ.

ಆದರೆ ಹುಡುಗಿ ಇನ್ನೊಂದು ಮಾತನ್ನೂ ಹೇಳಿದಳು. ನಿಜವಾದ ಕವಡೆ ನಾಣ್ಯದಂತಲ್ಲ. ಅದು ಸಮುದ್ರದ ಒಂದು ಬಸವನಹುಳುವಿನ ಚಿಪ್ಪು. ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡು ಕಡೆಯೂ ಸಮನಾಗಿ ಬೀಳಬೇಕೆಂಬ ನಿಯಮವಿಲ್ಲ. ಅಜ್ಜಿಯ ನಾಲ್ಕು ಕವಡೆಗಳಲ್ಲಿ ಒಂದಂತೂ ತುದಿ ಮುರಿದು ಹೆಚ್ಚಾಗಿ ಒಂದೇ ಕಡೆ ಬೀಳುತ್ತಿತ್ತು ಎಂಬುದು ಅವಳ ಗೀಟುಗಳಿಂದ ಗೊತ್ತಾಗಿತ್ತು. ಪುಸ್ತಕದ ಲೆಕ್ಕ ಸರಿಯೋ ಎಂದು ತಿಳಿಯಲು ಇರುವ ದಾರಿ ಒಂದೇ: ಹಾಕಿ ನೋಡುವುದು, ಬರೆದಿಡುವುದು. ಮನೆಯಲ್ಲಿ ಕವಡೆಯಿದ್ದ ಮಕ್ಕಳು ಇದನ್ನು ಮಾಡಿ ನೋಡಬಹುದು. ಒಂದು ಕವಡೆಯನ್ನು 100 ಸಲ ಹಾಕಿ ಬಾಯಿ ಮೇಲಾದದ್ದು ಎಷ್ಟು ಎಂದು ಬರೆಯಿರಿ. ಇನ್ನೊಂದು ಕವಡೆಗೂ ಹಾಗೆಯೇ. ಎರಡೂ ಒಂದೇ ಉತ್ತರ ಕೊಟ್ಟರೆ ನಿಮ್ಮ ಅದೃಷ್ಟ, ಕೊಡದಿದ್ದರೆ ನಿಮ್ಮ ವಿಜ್ಞಾನ ಶುರುವಾಯಿತೆಂದು ತಿಳಿಯಿರಿ.

ಹುಡುಗ ಕವಡೆ ಹಾಕದೆ ಕೈಯಲ್ಲೇ ಹಿಡಿದು ಕುಳಿತಿದ್ದ. 'ಹತ್ತು ಆಟ ಸೋತಿದೀನಿ, ಹನ್ನೊಂದನೆಯದು ಬಂದೇ ಬರುತ್ತೆ' ಎಂದು ಎಷ್ಟು ರಾತ್ರಿ ಅಂದುಕೊಂಡಿದ್ದ! ಮೊಬೈಲಿನೊಳಗಿನ ಎಲೆಗಳಿಗೂ ಅವನು ಸೋತದ್ದು ನೆನಪಿರಲಿಲ್ಲ.

ಅಷ್ಟರಲ್ಲಿ ಎದುರಿನಿಂದ ಒಂದು ಪ್ರಶ್ನೆ ಬಂತು. ಯಾರನ್ನೂ ನೋಡದೆ, ನೆಲವನ್ನು ನೋಡುತ್ತ ಕೇಳಿದ ಪ್ರಶ್ನೆ. "ಆ ಮೊಬೈಲ್ ಆಟದಲ್ಲಿ ಕಮಿಷನ್ ಯಾರಿಗೆ ಹೋಗುತ್ತೆ?"

ಮೂವತ್ತು ವರ್ಷ ಮಂಡಿ ವ್ಯವಹಾರ ಕಂಡವರ ಪ್ರಶ್ನೆ ಅದು. ಮಗ ಮೆಲ್ಲಗೆ ಹೇಳಿದ. "ಪ್ರತಿ ಆಟದಲ್ಲೂ ಕಂಪನಿ ಒಂದು ಪಾಲು ಹಿಡ್ಕೊಳ್ಳುತ್ತೆ, ಅಪ್ಪ."

"ಹಾಗಾದ್ರೆ ಗೆದ್ದೋನು ಯಾರು ಅಂತ ಬೇರೆ ಕೇಳ್ಬೇಕಾ?"

ಹುಡುಗಿ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದಳು. ನಾಲ್ಕು ಜನ ನೂರು ನೂರು ಕಟ್ಟಿದರೆ 400 ರೂಪಾಯಿ. ಕಂಪನಿ ಸುತ್ತಿಗೆ ನೂರಕ್ಕೆ ಹತ್ತು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ 360 ಉಳಿಯಿತು. ಅದನ್ನೇ ಮತ್ತೆ ಕಟ್ಟಿದರೆ 324. ಹೀಗೆ ಹತ್ತು ಸುತ್ತು ಮುಗಿದಾಗ ನಾಲ್ವರ ಬಳಿಯೂ ಸೇರಿ ಉಳಿಯುವುದು ಸುಮಾರು 140 ರೂಪಾಯಿ. ಯಾರ ಎಲೆ ಎಷ್ಟೇ ಚೆನ್ನಾಗಿ ಬಿದ್ದಿರಲಿ, 260 ರೂಪಾಯಿ ಮನೆಯಿಂದ ಹೊರಗೆ ಹೋಗಿರುತ್ತದೆ. ಬಾಗಿಲಲ್ಲಿ ನಿಂತಿದ್ದ ತಾಯಿ ಆ ಪುಟವನ್ನು ಬಗ್ಗಿ ನೋಡಿದರು. ತಮ್ಮ ತಂದೆಯ ತೋಟ ಹೋದದ್ದನ್ನು ಅವರು ಇಷ್ಟು ದಿನ ಹಣೆಬರಹ ಎಂದುಕೊಂಡಿದ್ದರು.

ನಳ ಎಣಿಸಿದ ಎಲೆಗಳು

ಲೆಕ್ಕ ಮುಗಿದ ಮೇಲೆ ಅಜ್ಜಿ ಹುಣಸೆಬೀಜ ಸರಿಪಡಿಸುತ್ತ ಕತೆ ತೆಗೆದರು. ನಳಮಹಾರಾಜ ಪಗಡೆಯಲ್ಲಿ ರಾಜ್ಯ ಸೋತದ್ದು ಎಲ್ಲರಿಗೂ ಗೊತ್ತು. ಮೈಯೊಳಗೆ ಕಲಿ ಹೊಕ್ಕಿದ್ದನಂತೆ. ಆಮೇಲೆ ನಳ ಹೆಸರು ಮರೆಸಿಕೊಂಡು ಋತುಪರ್ಣ ರಾಜನ ಸಾರಥಿಯಾದ. ಒಂದು ದಿನ ದಾರಿಯಲ್ಲಿ ಋತುಪರ್ಣ ಒಂದು ತಾರೆಮರವನ್ನು ನೋಡಿದವನೇ ಅದರಲ್ಲಿ ಎಲೆಯೆಷ್ಟು ಕಾಯಿಯೆಷ್ಟು ಎಂದು ಹೇಳಿಬಿಟ್ಟ. ನಳ ನಂಬಲಿಲ್ಲ. ರಥ ನಿಲ್ಲಿಸಿ ಇಳಿದು ಎಣಿಸಿದ. ಸರಿಯಾಗಿತ್ತು! ಆ ಎಣಿಕೆಯ ವಿದ್ಯೆಯನ್ನೇ, ದಾಳದ ಗುಟ್ಟನ್ನೇ, ಅವನಿಂದ ಕಲಿತ. ಕಲಿತ ಗಳಿಗೆಯಲ್ಲೇ ಕಲಿ ವಿಷ ಕಾರುತ್ತ ನಳನ ಮೈಬಿಟ್ಟು ಹೊರಗೆ ಬಂದನಂತೆ.

"ಲೆಕ್ಕ ಬಂತು, ಕಲಿ ಹೋದ. ಅಷ್ಟೇ ಕತೆ" ಎಂದರು ಅಜ್ಜಿ.

ತಾರೆಮರ ನಮ್ಮ ಕಾಡುಗಳ ಮರ. ಅದರ ಕಾಯಿಗಳೇ ವೇದಕಾಲದ ದಾಳಗಳು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಆ ಕಾಯಿಗಳಿಗೆ ಮರುಳಾಗಿ ಮನೆ ಕಳೆದುಕೊಂಡ ಜೂಜುಗಾರನ ಅಳಲಿನ ಒಂದು ಸೂಕ್ತವೇ ಇದೆ. ಮೂರು ಸಾವಿರ ವರ್ಷಗಳಲ್ಲಿ ತಾರೆಕಾಯಿ ಹೋಗಿ ಮೊಬೈಲು ಬಂದಿದೆ. ಅಳಲು ಅದೇ.

ಆಟ ಮುಂದುವರಿಯಿತು. ತಂದೆಯ ಕಾಯಿ ಹೊರಸುತ್ತಿನ ಕೊನೆಯ ಮನೆಗೆ ಬಂದು ನಿಂತುಬಿಟ್ಟಿತ್ತು. ಅವರು ಇನ್ನೂ ಯಾರನ್ನೂ ಕಡಿದಿರಲಿಲ್ಲ, ಆದ್ದರಿಂದ ಒಳಗೆ ಹೋಗುವಂತಿರಲಿಲ್ಲ. ಮುಂದಿನ ಸರದಿಯಲ್ಲಿ ಅವರ ಇನ್ನೊಂದು ಕಾಯಿ ಕಟ್ಟೆಗೆ ಬಂತು. ಎಲೆ ಎತ್ತಿದರು. ವಾಮನ.

ಮೂರು ಹೆಜ್ಜೆ. ಅದೇ ಕಾಯಿಯಿಂದ ಸರಿಯಾಗಿ ಮೂರು ಮನೆ ಮುಂದೆ ಒಂದು ಕಾಫಿಬೀಜ ಇತ್ತು. ಮಗನ ಕಾಯಿ. ಬಹಳ ದೂರ ನಡೆದು ಬಂದ ಕಾಯಿ. ಹಣ್ಣಾಗಬಹುದೆಂದು ಅವನಿಗೆ ಆಸೆಯಿದ್ದದ್ದು ಅದೊಂದೇ.

"ಮಾವ, ಕಡೀರಿ, ಕಡೀರಿ!" ಎಂದು ಪುಟ್ಟ ಹುಡುಗ ಕುಣಿದ.

ತಂದೆ ಕೈ ಚಾಚಲಿಲ್ಲ. ಬೇರೆ ಕಾಯಿ ನಡೆಸಲು ಜಾಗವಿದೆಯೇ ಎಂದು ನೋಡಿದರು. ಅದನ್ನು ಕಂಡ ಮಗ ತಾನೇ ಹೇಳಿದ. "ಕಡೀರಿ ಅಪ್ಪ. ಕಡೀದಿದ್ರೆ ನಿಮ್ಗೆ ಒಳಗೆ ಹೋಗಕ್ಕಾಗಲ್ಲ."

ಅಡಿಕೆ ಚೂರು ಮೂರು ಮನೆ ನಡೆಯಿತು. ಕಾಫಿಬೀಜವನ್ನು ತಂದೆ ಬಿಸಾಡಲಿಲ್ಲ. ಎರಡು ಬೆರಳಲ್ಲಿ ಎತ್ತಿ ಮಗನ ಮುಂದಿನ ಕಟ್ಟೆಯಲ್ಲಿಟ್ಟರು.

"ಸತ್ತೋಯ್ತು!" ಎಂದ ಪುಟ್ಟ.

"ಸಾಯೋದೆಲ್ಲಿ ಬಂತು?" ಎಂದರು ಅಜ್ಜಿ. "ಕಡಿಸ್ಕೊಂಡ ಕಾಯಿ ಎಲ್ಲಿಗೆ ಹೋಗುತ್ತೆ? ಮನೆಗೆ ತಾನೆ? ಮತ್ತೆ ಅಲ್ಲಿಂದ ಹೊರಡುತ್ತೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಲಾಟೀನಿನ ಸುತ್ತ ಮಳೆಹುಳುಗಳು ಮಾತ್ರ. ಆಮೇಲೆ ಹುಡುಗ ಆ ಕಾಫಿಬೀಜವನ್ನೇ ನೋಡುತ್ತ ಹೇಳಿದ.

"ಅಪ್ಪ, ನಾನು ಹೇಳಿದ್ದು ಪೂರ್ತಿ ಲೆಕ್ಕ ಅಲ್ಲ. ಇನ್ನೂ ಅರವತ್ತು ಸಾವಿರ ಇದೆ. ಇಬ್ಬರು ಫ್ರೆಂಡ್ಸ್ ಹತ್ರ. ಹೇಳಕ್ಕೆ ಧೈರ್ಯ ಬರ್ಲಿಲ್ಲ."

ತಾಯಿ ಬಾಯಿಗೆ ಸೆರಗು ಹಿಡಿದರು. ಕವಡೆಗಳು ತಂದೆಯ ಅಂಗೈಯಲ್ಲಿದ್ದವು. ಅವುಗಳನ್ನು ಒಂದೆರಡು ಸಲ ಅಲುಗಿಸಿದರು. ಅವರು ಏನು ಹೇಳಬಹುದಿತ್ತು? ಹೇಳಲು ಎರಡು ತಿಂಗಳ ಮಾತು ಗಂಟಲಲ್ಲಿತ್ತು. ಆದರೆ ಅವರು ಹೇಳಿದ್ದು ಇಷ್ಟೇ:

"ಬೆಳಿಗ್ಗೆ ಯಾರ್ಯಾರಿಗೆ ಎಷ್ಟು ಅಂತ ಬರ್ಕೊಂಡು ಬಾ. ಕೂತು ನೋಡೋಣ. ತಿಂಗಳಿಗೆ ಇಷ್ಟು ಅಂತ ನಿನ್ನ ಸಂಬಳದಲ್ಲೇ ತೀರಿಸ್ಬೇಕು, ನಾನು ಕೊಡಲ್ಲ. ಲೆಕ್ಕ ಮಾತ್ರ ಜೊತೇಲಿ ಮಾಡೋಣ." ಆಮೇಲೆ ಕವಡೆಗಳನ್ನು ಮಗನ ಕೈಗೆ ಹಾಕಿದರು. "ಈಗ ನಿನ್ನ ಸರದಿ. ಹಾಕು."

ಹುಡುಗ ಹಾಕಿದ. ಬಿದ್ದದ್ದು ಬಾರವಲ್ಲ, ಚೌಕವೂ ಅಲ್ಲ. ಎರಡು. ಹದಿನಾರರಲ್ಲಿ ಆರು ಸಲ ಬೀಳುವಂಥ ಸಾಧಾರಣ ಎರಡು. ಮನೆಯಲ್ಲಿದ್ದ ಕಾಯಿಯನ್ನು ಎತ್ತಿ ಎರಡು ಹೆಜ್ಜೆ ನಡೆಸಿದ.

ಕರೆಂಟು ಬಂದದ್ದು ರಾತ್ರಿ ಒಂಬತ್ತೂವರೆಗೆ. ಟೀವಿ ತಾನಾಗಿ ಮಾತಾಡತೊಡಗಿತು. ಅದನ್ನು ಆರಿಸಿದವರು ದೊಡ್ಡ ಸೊಸೆ. "ಆಟ ಇನ್ನೂ ಮುಗಿದಿಲ್ಲವಲ್ಲ" ಎಂದು ಅಜ್ಜಿಯ ಪಕ್ಕ ಬಂದು ಕುಳಿತರು. ಅವರು ಕವಡೆ ಮುಟ್ಟಲಿಲ್ಲ. ಆದರೆ ಮೊಮ್ಮಕ್ಕಳ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ರೆಕ್ಕೆಯ ಹೋರಿಯನ್ನು ನೋಡಿ ನಕ್ಕರು. ಒಂದು ಎಲೆಯ ಹಿಂಬದಿಯಲ್ಲಿ ತಮ್ಮದೇ ಮದುವೆಯ ಲಗ್ನಪತ್ರಿಕೆಯ ಚೂರು ಕಂಡು, ಮಕ್ಕಳನ್ನು ಗದರಿಸಬೇಕೋ ಬೇಡವೋ ತಿಳಿಯದೆ ಸುಮ್ಮನಾದರು.

ಗೆದ್ದವರು ಅಜ್ಜಿ. ನಾಲ್ಕು ಹುಣಸೆಬೀಜವೂ ಹಣ್ಣಾದವು. ಬಹುಮಾನ ಒಂದು ಕಜ್ಜಾಯ, ಅದನ್ನೂ ಅವರು ಹಲ್ಲಿಲ್ಲವೆಂದು ಪುಟ್ಟನಿಗೇ ಕೊಟ್ಟರು.

ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಳ್ಳುವುದು ಸುಲಭ. ಕಿತ್ತುಕೊಂಡ ಕೈಗೆ ಏನು ಕೊಡುತ್ತೇವೆ ಎಂಬುದೇ ಕಷ್ಟದ ಪ್ರಶ್ನೆ. ನಾಲ್ಕು ಕವಡೆ, ಒಂದು ಚೂರು ಸೀಮೆಸುಣ್ಣ, ಕೆಲವು ಹಳೆಯ ಲಗ್ನಪತ್ರಿಕೆ, ಇವುಗಳಿಗೆ ಖರ್ಚು ಏನೂ ಇಲ್ಲ. ಆದರೆ ಎದುರಿಗೆ ಕುಳಿತುಕೊಳ್ಳಲು ಅಪ್ಪ ಅಮ್ಮ ಬೇಕು, ಒಂದು ಗಂಟೆ ಹೊತ್ತು ಬೇಕು. ಅಜ್ಜಂಪುರದ ಆ ಮನೆಯಲ್ಲಿ ಈಗ ಅದಕ್ಕೆ ಕರೆಂಟು ಹೋಗಲೆಂದು ಕಾಯುವುದಿಲ್ಲ. ಕಡೂರಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ನೋಟ್‌ಬುಕ್ಕು ಇದೆ. ತಿಂಗಳಿಗೊಮ್ಮೆ ಅದರಲ್ಲಿ ತಂದೆಯ ಕೈಬರಹದಲ್ಲಿ ಒಂದು ಮೊತ್ತ, ಮಗನ ಕೈಬರಹದಲ್ಲಿ ಒಂದು ಸಹಿ ಬೀಳುತ್ತದೆ. ಕವಡೆಗೆ ನೆನಪಿಲ್ಲದಿರಬಹುದು. ಮನುಷ್ಯ ಬರೆದಿಟ್ಟುಕೊಳ್ಳಬೇಕು.